ಬಿಲ್ಲೆಯ ಮೇಲಿನ ಬೂದಿ

ಪ್ರಜ್ಞಾ ಎಂಬ ಹುಡುಗಿಯ ಬಗ್ಗೆ ನಾಲ್ಕು ಮಾತು ಬರೆಯಬೇಕು. ಬರೆಯುವ ಯೋಗ್ಯತೆ ನನಗಿಲ್ಲ, ಅದೂ ಗೊತ್ತು. ಆದರೆ ಅವಳ ಹೆಸರಿಗೆ ಮಸಿ ಬಳಿದವನು ನಾನೇ. ಬಳಿದವನೇ ಒರೆಸಬೇಕಲ್ಲ! ಓದಿದವರು ನನ್ನ ಮೇಲೆ ಸಿಟ್ಟಾದರೆ ಆಗಲಿ. ನನ್ನ ಸಿಟ್ಟನ್ನು ಇಡೀ ಪೇಟೆಯೇ ಉಂಡಿದೆ, ಒಂದು ಸಲ ನಾನೂ ಉಂಡರೆ ಹೊಟ್ಟೆ ಒಡೆಯುವುದಿಲ್ಲ.

ನಾನು ನಿಂಗರಾಜ. ಇಪ್ಪತ್ತೆರಡು ವರ್ಷ ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸಿ, ಕೊನೆಗೆ ಪ್ರಾಂಶುಪಾಲರ ಜೊತೆ ಜಗಳಾಡಿ ಬಿಟ್ಟು ಬಂದವನು. ಬೈಲಹೊಂಗಲದ ಪೇಟೆಯಲ್ಲಿ ನಮ್ಮಪ್ಪನ ಹತ್ತಿಯ ಅಡತಿ ಅಂಗಡಿ ಇತ್ತು. ಅದು ನಿಂತುಹೋದ ಮೇಲೆ ಗೋದಾಮಿಗೆ ಸುಣ್ಣ ಹೊಡೆಸಿ, ನೆಲಕ್ಕೆ ಹೊಸ ಫರಸಿ ಹಾಕಿಸಿ, ಒಂದು ಸಣ್ಣ ವರ್ಕ್‌ಶಾಪು ಮಾಡಿಕೊಂಡೆ. ಅಲ್ಲಿ ನಾವು ಮಾಡುವುದು ಮೈಕ್ರೋವೇವ್ ಆಸಿಲೇಟರ್. ಹೀಗೆಂದ ಕೂಡಲೇ ಜನ, "ಅಂದ್ರ ಅನ್ನ ಬಿಸಿ ಮಾಡೂ ಒಲಿ ಏನ್ರಿ?" ಎಂದು ಕೇಳುತ್ತಾರೆ. ಒಲೆಯಲ್ಲಪ್ಪಾ! ಸವದತ್ತಿ, ರಾಮದುರ್ಗದ ಕಡೆ ಕಾಲುವೆಯ ಮೇಲೆ ತೂಗುಹಾಕುವ ಒಂದು ಉಪಕರಣವಿದೆ. ಕಣ್ಣಿಗೆ ಕಾಣದ ಅಲೆಯನ್ನು ನೀರಿನ ಮೇಲೆ ಬಿಟ್ಟು, ತಿರುಗಿ ಬಂದದ್ದನ್ನು ಹಿಡಿದು, ನೀರು ಎಷ್ಟು ಎತ್ತರ ಇದೆಯೆಂದು ಅದು ಹೇಳುತ್ತದೆ. ಆ ಅಲೆಯನ್ನು ಹುಟ್ಟಿಸುವ ಬೋರ್ಡೇ ಆಸಿಲೇಟರ್. ಸೆಕೆಂಡಿಗೆ ಸಾವಿರ ಕೋಟಿ ಸಲ ಅದು ಮಿಡಿಯಬೇಕು, ಅದೂ ಒಂದೇ ಸಮನೆ. ಭಜನೆಯಲ್ಲಿ ಶ್ರುತಿ ಅಲುಗಿದರೆ ಹಾಡುವವರೆಲ್ಲ ದಾರಿ ತಪ್ಪುತ್ತಾರಲ್ಲ, ಹಾಗೆ ಈ ಮಿಡಿತ ಅಲುಗಿದರೆ ನೀರಿನ ಅಳತೆ ತಪ್ಪುತ್ತದೆ. ಆ ಅಲುಗಾಟವನ್ನು ನಾವು ಗದ್ದಲ ಎನ್ನುತ್ತೇವೆ. ಗದ್ದಲ ಕಡಿಮೆಯಾದಷ್ಟೂ ಬೋರ್ಡು ಒಳ್ಳೆಯದು.

ಪ್ರಜ್ಞಾ ಸಂಪಗಾಂವದ ಹುಡುಗಿ. ಅವಳ ಅಪ್ಪ ಪರಪ್ಪ ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್. ಬೌದ್ಧರು. ಡಿಪ್ಲೊಮಾದಲ್ಲಿ ನನ್ನ ಕೈಕೆಳಗೇ ಕಲಿತಳು. ಆಮೇಲೆ ಬಿ.ಇ. ಮುಗಿಸಿ, ಒಂದು ದಿನ ಸೀದಾ ವರ್ಕ್‌ಶಾಪಿಗೆ ಬಂದು, "ಸರ್ರ, ನಿಮ್ಮ ಬೋರ್ಡ ನೋಡೇನಿ. ದೊಡ್ಡದಾಗೇತ್ರಿ. ನಾ ಸಣ್ಣದ ಮಾಡತೇನಿ" ಎಂದಳು. ಕೆಲಸ ಕೇಳುವ ರೀತಿಯೇ ಇದು? ನನಗೆ ರೇಗಿತು. ಆದರೂ, ಮಾಡು ನೋಡೋಣ ಎಂದು ಒಂದು ಕುರ್ಚಿ ಕೊಟ್ಟೆ.

ಮಾಡಿದಳು. ಅಂಗೈಯಗಲ ಇದ್ದದ್ದನ್ನು ಹದಿನಾಲ್ಕು ತಿಂಗಳಲ್ಲಿ ಬೆಂಕಿಪೆಟ್ಟಿಗೆಯಷ್ಟಕ್ಕೆ ತಂದಳು. ಸಣ್ಣದು ಮಾಡುವುದು ದೊಡ್ಡ ಮಾತಲ್ಲ, ಸಣ್ಣದಾದಂತೆ ಗದ್ದಲ ಏರುತ್ತದೆ, ಅದೇ ಕಷ್ಟ. ಒಂದು ಗೆರೆಯ ಅಲೆ ಪಕ್ಕದ ಗೆರೆಗೆ ಸೋರುತ್ತದೆ. ಅದನ್ನು ತಡೆಯಲು ಅವಳು ಬೋರ್ಡಿನ ಅಂಚಿಗೆಲ್ಲ ಸಣ್ಣ ಸಣ್ಣ ತೂತು ಕೊರೆಸಿ ತಾಮ್ರ ತುಂಬಿಸಿದಳು. ಸಾಲಿಗೆ ಸಾಲು, ಒತ್ತೊತ್ತಾಗಿ. ಇಷ್ಟೊಂದು ಯಾಕೆ ಎಂದು ಕೇಳಿದರೆ, "ನಮ್ಮಾಯಿ ಕೌದಿ ಹೊಲಿಯೂದು ನೋಡೀರೇನ್ರಿ? ಹೊಲಿಗಿ ದೂರ ದೂರ ಹಾಕಿದ್ರ ಒಳಗಿನ ಅರಬಿ ಸರೀತಾವು" ಎಂದಳು. ಪುಸ್ತಕದಲ್ಲಿ ಇದೇ ಮಾತಿಗೆ ನಾಲ್ಕು ಪುಟ ಸಮೀಕರಣವಿದೆ. ನಾನು ಇಪ್ಪತ್ತೆರಡು ವರ್ಷ ಆ ನಾಲ್ಕು ಪುಟ ಕಲಿಸಿದ್ದೆ, ಕೌದಿಯ ಮಾತು ನನಗೆ ಒಂದು ದಿನವೂ ಹೊಳೆದಿರಲಿಲ್ಲ.

ಆ ಬೋರ್ಡಿನ ಜೀವಾಳ ಒಂದು ಪಿಂಗಾಣಿಯ ಬಿಲ್ಲೆ. ಕಡಲೆ ಕಾಳಿಗಿಂತ ಸಣ್ಣದು, ಚಪ್ಪಟೆ, ಬೂದು ಬಣ್ಣ. ಮಿಡಿತವನ್ನು ಅಲುಗದಂತೆ ಹಿಡಿದಿಡುವುದು ಅದೇ. ಅದಕ್ಕೆ ಜಿಡ್ಡು, ಬೆವರು, ಧೂಳು ಏನು ತಗುಲಿದರೂ ಗದ್ದಲ ಶುರು. ಅದಕ್ಕೇ ಪ್ರಜ್ಞಾ ಮೂರು ಸಲ ಕೈ ತೊಳೆದು, ಬೆರಳಿಗೆ ರಬ್ಬರಿನ ಟೊಪ್ಪಿಗೆ ಹಾಕಿಕೊಂಡು, ಚಿಮಟದಲ್ಲಿ ಎತ್ತಿ ಅದನ್ನು ಅಂಟಿಸುತ್ತಿದ್ದಳು. ಬಾಗಿಲಿಗೆ 'ಬಿಲ್ಲೆ ಮುಟ್ಟಬೇಡಿ' ಎಂದು ದುಂಡಗಿನ ಅಕ್ಷರದಲ್ಲಿ ಬರೆದು ಅಂಟಿಸಿದ್ದಳು. ಒಮ್ಮೆ ನಾನು ಮೈಮರೆತು ಬರಿಗೈ ಚಾಚಿದೆ. "ಸರ್ರ, ಕೈ ತಗೀರಿ!" ಎಂದು ಗದರಿದಳು. ನನಗೆ ನಗು ಬಂತು. ನಕ್ಕು ಸುಮ್ಮನಿರಬೇಕಿತ್ತು. ನಾಲಿಗೆಗೆ ಎಲುಬಿಲ್ಲ ನೋಡಿ.

"ಏನವಾ, ನೀನೂ ಮಡಿ ಹಿಡದಿ? ಈಗ ನಮಗ ಮುಟ್ಟಬ್ಯಾಡ ಅನ್ನೂ ಕಾಲ ಬಂತಲ್ಲ!"

ಚೇಷ್ಟೆಗೆ ಅಂದೆ. ಅವಳು ಚಿಮಟ ಕೆಳಗಿಟ್ಟಳು. "ಬೆವರಿನಾಗ ಉಪ್ಪ ಇರತೈತ್ರಿ ಸರ್ರ. ಯಾರ ಬೆವರಾದ್ರೂ" ಎಂದು ಮತ್ತೆ ಕೆಲಸ ಹಿಡಿದಳು. ನನಗೆ ಚುಚ್ಚಲಿಲ್ಲ ಎಂದರೆ ಸುಳ್ಳು. ಚುಚ್ಚಿತು. ಆದರೆ ಚಹ ಕುಡಿದು ಮರೆತೆ.

ಅವಳ ಆಸ್ತಿ ಒಂದು ರಿಜಿಸ್ಟರು. ಒಂದೊಂದು ಬೋರ್ಡಿನ ಗದ್ದಲವನ್ನೂ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರು ಹೊತ್ತು ಅಳೆದು ಅದರಲ್ಲಿ ಬರೆಯುತ್ತಿದ್ದಳು. ಪೆನ್ನಿನಲ್ಲೇ. ತಪ್ಪಾದರೆ ಒಂದೇ ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯುವುದು. ಅದನ್ನು ಕಲಿಸಿದವನು ನಾನು. "ತಪ್ಪನ್ನು ಕೆರೆದು ಅಳಿಸಬೇಡಿ, ನಾಳೆ ಬಂದವನಿಗೆ ನಿಮ್ಮ ತಪ್ಪೂ ಓದಲು ಬರಬೇಕು" ಎಂದು ಪ್ರತಿ ವರ್ಷ ಲ್ಯಾಬಿನ ಮೊದಲ ದಿನ ಹೇಳುತ್ತಿದ್ದೆ. ಮಾತು ಎಷ್ಟು ಚೆನ್ನಾಗಿದೆ ನೋಡಿ. ಹೇಳುವವರಿಗೇನು?

ಹುಬ್ಬಳ್ಳಿಯ ಒಂದು ಕಂಪನಿ ನಮ್ಮ ಬೋರ್ಡು ಕೊಳ್ಳಲು ಮುಂದೆ ಬಂತು. ಅಲ್ಲಿಯ ಎಂಜಿನಿಯರ್ ಬಸವಲಿಂಗ. ಮಿತಮಾತಿನ ಮನುಷ್ಯ, ಅಂಕಿ ಬಿಟ್ಟು ಬೇರೇನನ್ನೂ ನಂಬದವನು. ಅವನು ಬಂದು ಅರ್ಧ ದಿನ ಕುಳಿತು ಪ್ರಜ್ಞಾಳ ರಿಜಿಸ್ಟರನ್ನೇ ಓದಿದ. ಹೋಗುವಾಗ ನನ್ನ ಎದುರಿಗೇ ಅವಳಿಗೆ, "ತಂಗಿ, ದಸರಾ ಆದಮ್ಯಾಲೆ ಬಂದು ಮೂರು ಸ್ಯಾಂಪಲ್ ಅಳೀತೇನಿ. ನೀ ಬರದ ಅಂಕಿನ ಬಂದ್ರ, ನಮ್ಮ ಡಿಸೈನ್ ವಿಭಾಗದಾಗ ನಿನಗ ಒಂದ ಜಾಗಾ ಐತಿ. ಸರ್ ಬಿಟ್ಟಕೊಟ್ರ" ಎಂದು ನನ್ನ ಕಡೆ ನೋಡಿ ನಕ್ಕ. "ಯಾಕ ಬಿಡೂದಿಲ್ರಿ!" ಎಂದೆ. ಅಂದು ಸಂಜೆ ಅವಳು ಫೋನಿನಲ್ಲಿ ತನ್ನ ಅಪ್ಪನಿಗೆ, "ಅಪ್ಪಾ, ಅಲ್ಲಿ ನನಗ ಅಳಿಯೂ ಮಿಶಿನ್ ಸ್ವಂತದ್ದ ಕೊಡತಾರಂತ" ಎಂದು ಹೇಳುವುದು ಕೇಳಿಸಿತು. ಪಗಾರದ ಮಾತಲ್ಲ, ಮಿಶಿನ್ನಿನ ಮಾತು.

ಎರಡು ಸಾವಿರದ ಇಪ್ಪತ್ತನಾಲ್ಕರ ದಸರಾ. ಅವರ ಮಂದಿ ವಿಜಯದಶಮಿಗೆ ನಾಗಪುರದ ದೀಕ್ಷಾಭೂಮಿಗೆ ಹೋಗುತ್ತಾರೆ. ಪ್ರಜ್ಞಾ ಗುರುವಾರ ಮೂರು ಸ್ಯಾಂಪಲ್ಲನ್ನೂ ಕೊನೆಯ ಸಲ ಅಳೆದು, ಬರೆದು, ಕಪಾಟಿನಲ್ಲಿಟ್ಟಳು. ಬೆಳ್ಳಿ ಬಣ್ಣದ ಲೇಪ ಕೊಟ್ಟ ಸಣ್ಣ ಡಬ್ಬಿಗಳು, ಒಳಗೆ ಒಂದೊಂದು ಬೋರ್ಡು. ಮುಚ್ಚಳಕ್ಕೆ ಇನ್ನೂ ಸ್ಕ್ರೂ ಬಿಗಿದಿರಲಿಲ್ಲ. "ಸೋಮವಾರ ಮುಂಜಾನೆ ಬಂದು ಬಿಗೀತೇನ್ರಿ ಸರ್ರ. ಅಲ್ಲೀ ಮಟ ಯಾರೂ ತಗೀಬ್ಯಾಡ್ರಿ" ಎಂದು ಎರಡು ಸಲ ಹೇಳಿದಳು. "ಹೋಗಿ ಬಾರವಾ, ನಾ ಏನ ಸಣ್ಣ ಹುಡುಗ್ನ?" ಎಂದೆ.

ಮರುದಿನ ಖಂಡೇಪೂಜೆ, ಅಂದರೆ ಆಯುಧಪೂಜೆ. ನಮ್ಮ ಅಡತಿ ಅಂಗಡಿ ಇದ್ದಾಗ ತಕ್ಕಡಿಗೆ, ಹತ್ತಿ ಎಳೆಯುವ ಕೊಕ್ಕೆಗೆ ಪೂಜೆಯಾಗುತ್ತಿತ್ತು. ಈಗ ಬೆಸುಗೆ ಹಾಕುವ ಕಡ್ಡಿಗೆ, ಮೀಟರಿಗೆ. ನನ್ನ ಅವ್ವ ಸೋಮವ್ವ ಎಂಬತ್ತೊಂದರ ಮುದುಕಿ, ಪೂಜೆಗೆಂದು ಬಂದು ಮಣೆಯ ಮುಂದೆ ಕುಳಿತಳು. "ಆ ಹುಡುಗಿ ಮಾಡ್ಯಾಳ ಅಂತೀಯಲ್ಲ, ಅದನ್ನೂ ತಂದ ಇಡೋ" ಎಂದಳು. ತಂದು ಇಟ್ಟೆ. ನೋಡಲಿ ಎಂದು ಒಂದರ ಮುಚ್ಚಳವನ್ನೂ ತೆಗೆದೆ. ಅವ್ವ ಬಗ್ಗಿ ನೋಡಿದವಳು ಎರಡೂ ಕೈ ಜೋಡಿಸಿದಳು.

"ಎಪ್ಪಾ ನಿಂಗಾ, ಕರಡಿಗ್ಯಾಗ ಲಿಂಗ ಇಟ್ಟಂಗ ಐತಲ್ಲೋ ಇದು!"

ನಮ್ಮಲ್ಲಿ ಕೊರಳಿಗೆ ಲಿಂಗ ಕಟ್ಟಿಕೊಳ್ಳುತ್ತೇವೆ, ಅದನ್ನಿಡುವ ಬೆಳ್ಳಿಯ ಸಣ್ಣ ಡಬ್ಬಿಯೇ ಕರಡಿಗೆ. ಅವ್ವ ಹೇಳಿದ ಮೇಲೆ ನನಗೂ ಹಾಗೆಯೇ ಕಂಡಿತು. ಬೆಳ್ಳಿಯಂಥ ಡಬ್ಬಿ, ನಡುವೆ ಬೂದು ಬಣ್ಣದ ದುಂಡು ಬಿಲ್ಲೆ. ಮೈ ಜುಮ್ಮೆಂದಿತು. ಅಪ್ಪನ ಗೋದಾಮಿನಲ್ಲಿ ಇಂಥ ವಸ್ತು ಹುಟ್ಟಿತಲ್ಲ ಎಂದು ಕಣ್ಣಲ್ಲಿ ನೀರೂ ಬಂತು. ಅವ್ವ, "ವಿಭೂತಿ ಹಚ್ಚಲಾ?" ಎಂದಳು. ಬಾಗಿಲಿನ ಚೀಟಿ ನನ್ನ ಕಣ್ಣೆದುರಿಗೇ ಇತ್ತು. ಅವಳ ಕೈ ನಡುಗುತ್ತದೆ, ನಾನೇ ಹಚ್ಚುತ್ತೇನೆ ಎಂದು ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತಿಕ್ಕಿ, ಉಳಿದೆರಡರ ಮುಚ್ಚಳವನ್ನೂ ತೆಗೆದು, ಬೆರಳ ತುದಿಯಿಂದ ಮೂರೂ ಬಿಲ್ಲೆಗೆ ಹಚ್ಚಿದೆ. ಅವ್ವ ಒಂದೊಂದು ಚಿಟಿಕೆ ಕುಂಕುಮ ಏರಿಸಿದಳು. ಆರತಿಯಾದ ಮೇಲೆ ಟವೆಲ್ಲಿನ ತುದಿಯಿಂದ ಮೂರನ್ನೂ ಒರೆಸಿದೆ. ಕಣ್ಣಿಗೆ ಏನೂ ಕಾಣಲಿಲ್ಲ. ಮುಚ್ಚಳ ಮುಚ್ಚಿ, ಮೊದಲಿದ್ದಂತೆಯೇ ಕಪಾಟಿನಲ್ಲಿಟ್ಟೆ. ಇಪ್ಪತ್ತೆರಡು ವರ್ಷ ಪಾಠ ಹೇಳಿದ ಮನುಷ್ಯ ನಾನು!

ಸೋಮವಾರ ಪ್ರಜ್ಞಾ ರೈಲಿಳಿದು ಮನೆಗೂ ಹೋಗದೆ ನೇರ ವರ್ಕ್‌ಶಾಪಿಗೆ ಬಂದಳು. ನಾಗಪುರದ ಕಿತ್ತಳೆ ಬರ್ಫಿಯ ಪೊಟ್ಟಣ ನನ್ನ ಮೇಜಿನ ಮೇಲಿಟ್ಟು, "ಆಯಿಗೂ ಕೊಡ್ರಿ" ಎಂದಳು. ಅವ್ವ ಅವತ್ತು ಇನ್ನೂ ಒಳಕೋಣೆಯಲ್ಲೇ ಇದ್ದಳು. ನಾನು ಎರಡು ತುಂಡು ತಿಂದೆ. ಅಷ್ಟರಲ್ಲಿ ಬಸವಲಿಂಗ ತನ್ನ ಅಳತೆ ಯಂತ್ರದೊಂದಿಗೆ ಬಂದೇ ಬಿಟ್ಟ. ಪ್ರಜ್ಞಾ ಕೈ ತೊಳೆದು, ಮುಚ್ಚಳ ಎತ್ತಿ ನೋಡುವಷ್ಟೂ ಸಮಯವಿಲ್ಲದೆ, ಇದ್ದಂತೆಯೇ ಸ್ಕ್ರೂ ಬಿಗಿದು ಅವನ ಮುಂದಿಟ್ಟಳು. ಹೊರಗೆ ಜಿಟಿಜಿಟಿ ಮಳೆ. ಬೂದಿ ಗಾಳಿಯ ತೇವ ಹೀರುತ್ತದೆ, ಅದನ್ನು ಹೇಳಲು ಎಂಜಿನಿಯರ್ ಬೇಕಿಲ್ಲ, ಮನೆಯಲ್ಲಿ ಮೆತ್ತಗಾದ ವಿಭೂತಿ ಗಟ್ಟಿ ನೋಡಿದವರೆಲ್ಲ ಬಲ್ಲರು.

ಪರದೆಯ ಮೇಲೆ ಗದ್ದಲ ಎದ್ದು ಕುಣಿಯಿತು. ರಿಜಿಸ್ಟರಿನ ಅಂಕಿಗೂ ಇದಕ್ಕೂ ಹನ್ನೆರಡು ಡೆಸಿಬೆಲ್ ಅಂತರ. ಅಂದರೆ ಗದ್ದಲ ಹದಿನಾರು ಪಟ್ಟು. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ. ಬಸವಲಿಂಗ ರಿಜಿಸ್ಟರಿನ ಪುಟವನ್ನು ಬೆರಳಿನಿಂದ ತಟ್ಟಿ, "ಸರ್ರ, ಇಲ್ಲಿ ಬರದದ್ದ ಒಂದು, ಇಲ್ಲಿ ಕಾಣೂದ ಒಂದು. ಏನ್ರಿ ಇದು?" ಎಂದ.

ನನ್ನ ತಲೆಗೆ ರಕ್ತ ಏರಿತು. ಹೊರಗಿನವನ ಮುಂದೆ ಮಾನ ಹೋಯಿತು ಎಂಬುದೊಂದೇ ಕಾಣುತ್ತಿತ್ತು. ತಿರುಗಿ ಅವಳ ಮೇಲೆ ಹಾರಿದೆ.

"ಏನ ಮಾಡಿಟ್ಟಿ ಇದನ್ನ? ಜಾತ್ರಿಗೆ ಹೋಗೂ ಗಡಿಬಿಡ್ಯಾಗ ಮನಸಿಗೆ ಬಂದ ಅಂಕಿ ಬರದ ಹೋದ್ಯೇನು?"

ಜಾತ್ರೆ ಎಂದೆ. ಅವರ ಪವಿತ್ರ ದಿನಕ್ಕೆ ಜಾತ್ರೆ ಎಂದೆ. ಬಾಯಲ್ಲಿ ಇನ್ನೂ ಅವಳ ಬರ್ಫಿಯ ರುಚಿ ಇತ್ತು.

ಅವಳು ರಿಜಿಸ್ಟರನ್ನು ತನ್ನ ಕಡೆ ಎಳೆದುಕೊಂಡಳು. "ನಾ ಬರದ ಅಂಕಿ ಖರೇ ಅದಾವ್ರಿ ಸರ್ರ. ನಾ ಹೋದಮ್ಯಾಲೆ ಯಾರರೆ ಮುಚ್ಚಳ ತಗದಿದ್ರೇನ್ರಿ?"

ಆಗ ನೆನಪಾಯಿತು. ಮರೆತಿದ್ದೆ ಎಂದು ಹೇಳಿ ಜಾರಿಕೊಳ್ಳಬಹುದು, ಅಷ್ಟು ನೀಚನಾಗಲಾರೆ. ಆ ಕ್ಷಣದಲ್ಲಿ ಸ್ಪಷ್ಟವಾಗಿ ನೆನಪಾಯಿತು. ತಣ್ಣಗಿನ ವಿಭೂತಿ, ಬೆರಳ ತುದಿ, ಅವ್ವನ ಕುಂಕುಮ, ಎಲ್ಲ. ಬಸವಲಿಂಗ ನನ್ನನ್ನೇ ನೋಡುತ್ತಿದ್ದ. ಮೈಕ್ರೋವೇವ್ ಬೋರ್ಡಿಗೆ ವಿಭೂತಿ ಹಚ್ಚಿದ ಮೇಷ್ಟ್ರು ಎಂದು ಹುಬ್ಬಳ್ಳಿಯ ತುಂಬ ನಗುತ್ತಾರೆ ಎನಿಸಿತು.

"ಇಲ್ಲ. ಯಾರೂ ಮುಟ್ಟಿಲ್ಲ" ಎಂದೆ.

ಬಸವಲಿಂಗ ಯಂತ್ರವನ್ನು ಚೀಲಕ್ಕೆ ಹಾಕಿಕೊಂಡು, ಸರಿ ಮಾಡಿ ಕಳಿಸಿ ಎಂದು ಹೊರಟುಹೋದ. ಅವಳ ಕಡೆ ತಿರುಗಿಯೂ ನೋಡಲಿಲ್ಲ.

ಪ್ರಜ್ಞಾ ಊಟಕ್ಕೆ ಏಳಲಿಲ್ಲ. ಮೂರೂ ಡಬ್ಬಿ ಬಿಚ್ಚಿ ಸೂಕ್ಷ್ಮದರ್ಶಕದ ಕೆಳಗಿಟ್ಟು ಕುಳಿತಳು. ಮಧ್ಯಾಹ್ನದ ಹೊತ್ತಿಗೆ ಬಿಲ್ಲೆ ಮತ್ತು ಬೋರ್ಡಿನ ಸಂದಿಯಲ್ಲಿ ಅರಳೆ ಕಡ್ಡಿ ಆಡಿಸಿ ಬೆಳಕಿಗೆ ಹಿಡಿದಳು. ನಾನು ಮೇಜಿನ ಆಚೆ ನಿಂತಿದ್ದೆ. ಅರಳೆಯ ತುದಿ ಬೆಳ್ಳಗಾಗಿತ್ತು, ಅದರಲ್ಲೊಂದು ಕೆಂಪು ಚುಕ್ಕೆ. ಅವಳು ಅದನ್ನು ನೋಡಿದಳು. ಆಮೇಲೆ ತಲೆಯೆತ್ತಿ ನನ್ನ ಹಣೆ ನೋಡಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ತಾನಾಗಿ ಹಣೆಗೆ ಹೋಯಿತು.

ಒಂದು ಮಾತೂ ಆಡಲಿಲ್ಲ ಅವಳು. ಆಡಿದ್ದರೆ ನಾನು ಕೂಗಾಡಿ ಗೆಲ್ಲುತ್ತಿದ್ದೆನೇನೋ. ಸ್ಪಿರಿಟ್ಟಿನಲ್ಲಿ ಎಲ್ಲವನ್ನೂ ತೊಳೆದು, ಒಣಗಿಸಿ, ಬಿಲ್ಲೆಗಳನ್ನು ಹೊಸದಾಗಿ ಅಂಟಿಸಿ, ಮರುದಿನ ಮೂರು ಹೊತ್ತು ಅಳೆದಳು. ಹಳೆಯ ಅಂಕಿಗಳೇ ಬಂದವು. ರಿಜಿಸ್ಟರಿನಲ್ಲಿ ಬರೆದಳು: 'ಮೂರೂ ಬಿಲ್ಲೆಗಳ ಮೇಲೆ ಬೂದಿ, ಕುಂಕುಮ. ತೊಳೆದ ಮೇಲೆ ಗದ್ದಲ ಮೊದಲಿನಂತೆ.' ಅರಳೆ ಕಡ್ಡಿಯನ್ನು ಸಣ್ಣ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಹಾಕಿ ಅದೇ ಪುಟಕ್ಕೆ ಪಿನ್ನು ಹೊಡೆದಳು. ಚೀಲ ಹೆಗಲಿಗೇರಿಸಿ, "ನಾಳಿಂದ ನಾ ಬರೂದಿಲ್ರಿ ಸರ್ರ" ಎಂದಳು.

ತಡೆಯಬೇಕಿತ್ತು. "ಹೋಗವಾ, ಯಾರ ಹಿಡದಾರ ನಿನ್ನ?" ಎಂದೆ.

ಸ್ಯಾಂಪಲ್ಲುಗಳು ಹುಬ್ಬಳ್ಳಿಗೆ ಹೋದವು, ಪಾಸಾದವು, ಆರ್ಡರೂ ಬಂತು. ಬಸವಲಿಂಗ ಫೋನಿನಲ್ಲಿ, "ಏನಾಗಿತ್ರಿ ಅವತ್ತ?" ಎಂದು ಕೇಳಿದ. "ಜೋಡಸೂ ಮುಂದ ಸಣ್ಣ ತಪ್ಪಾಗಿತ್ರಿ" ಎಂದೆ. "ಆ ತಂಗಿದೇನ್ರಿ?" ಎಂದ. ನಾನು ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಆಚೆಯಿಂದ, "ತಪ್ಪಾದ್ರ ಆಗಲ್ರಿ. ಅಂಕಿ ಸುಳ್ಳ ಬರದ್ರ ನಮಗ ಅಂಥಾವ್ರ ಬ್ಯಾಡ" ಎಂಬ ಮಾತು ಬಂತು. ಅಷ್ಟಕ್ಕೇ ಮುಗಿಯಿತು ಅವಳ ಹುಬ್ಬಳ್ಳಿ. ಆಮೇಲೆ ಕೇಳಿ ತಿಳಿಯಿತು, ಕಿತ್ತೂರಿನ ಒಂದು ಇನ್ವರ್ಟರ್ ಅಂಗಡಿಯಲ್ಲಿ ಸುಟ್ಟ ಬೋರ್ಡು ದುರಸ್ತಿ ಮಾಡುತ್ತಿದ್ದಳಂತೆ. ಸಾವಿರ ಕೋಟಿ ಮಿಡಿತವನ್ನು ಬೆಂಕಿಪೆಟ್ಟಿಗೆಯಷ್ಟರಲ್ಲಿ ಹಿಡಿದ ಕೈ, ಇನ್ವರ್ಟರಿನ ಮಸಿ ಒರೆಸುತ್ತಿತ್ತು. ಒಂದು ವರ್ಷ ನಾನು ಅವಳ ಬೋರ್ಡನ್ನೇ ಮಾಡಿ ಮಾಡಿ ಕಳಿಸಿದೆ. ಆ ರಿಜಿಸ್ಟರನ್ನು ಕಪಾಟಿನ ಮೇಲಿನ ಖಾನೆಗೆ ತಳ್ಳಿ, ಅದರ ಕಡೆ ಕಣ್ಣು ಹೋಗದಂತೆ ಕುರ್ಚಿ ತಿರುಗಿಸಿ ಹಾಕಿಕೊಂಡಿದ್ದೆ.

ಮುಂದಿನ ಖಂಡೇಪೂಜೆ ಬಂತು. ಅವ್ವ ಮಣೆಯ ಮುಂದೆ ಕುಳಿತು, "ನಿಂಗಾ, ಹೋದ ವರ್ಷದ ಆ ಲಿಂಗದ ಡಬ್ಬಿ ತಾರೋ" ಎಂದಳು.

"ಬ್ಯಾಡಬೇ ಯವ್ವಾ!" ಎಂದು ಕೂಗಿಬಿಟ್ಟೆ. "ಹೋದ ವರ್ಷ ನಾವು ಹಚ್ಚಿದ್ದಕ್ಕ ಎಲ್ಲಾ ಕೆಟ್ಟಿತ್ತು!"

ಅವ್ವ ಕೈಯಲ್ಲಿದ್ದ ವಿಭೂತಿಯನ್ನು ಬಟ್ಟಲಿಗೆ ಹಾಕಿದಳು.

"ನಾವು ಹಚ್ಚಿದ್ದಕ್ಕ ಕೆಟ್ಟಿತ್ತು? ಮತ್ತ ಆ ಹುಡುಗಿನ್ನ ಯಾಕ ಬೈದ್ಯೋ? ನಾ ಒಳಗ ಕೇಳ್ಕೋತ ಕುಂತಿದ್ನೆಲ್ಲ. ಯಾರೂ ಮುಟ್ಟಿಲ್ಲ ಅಂದಿ. ನಾ ಅನಕೊಂಡ್ನಿ, ಇದು ಬ್ಯಾರೆ ಯಾವದರೆ ಇರಬೇಕು ಅಂತ."

ನಾನು ಆರತಿ ತಟ್ಟೆಯನ್ನು ಆಚೆ ಸರಿಸಿದೆ.

"ಹಡದಾಕಿ ನಾ, ನಾಚಿಕಿ ಬರತೈತಿ ನನಗ. ಕುಂಕುಮ ನಾ ಹಚ್ಚೇನಿ. ನನ್ನ ಹೆಸರರೆ ಹೇಳಬೇಕಿತ್ತಿಲ್ಲೋ, ಭಾಡ್ಯಾ! ಮುದಕಿ, ತಿಳಿಲಾರ್ದಾಕಿ ಅಂತ ಬಿಡತಿದ್ರು."

ಎಂಬತ್ತೆರಡರ ಮುದುಕಿಯ ಕೈಯಲ್ಲಿ ಬೈಸಿಕೊಂಡು ನಾನು ಅತ್ತೆ. ಅವಳು ಸಮಾಧಾನ ಮಾಡಲಿಲ್ಲ. ಬನ್ನಿ ಕೊಡುವ ನೆಪದಲ್ಲಿ ಸಂಪಗಾಂವಕ್ಕೆ ಕರೆದುಕೊಂಡು ಹೋಗು ಎಂದಳು. ಅವರು ನಾಗಪುರದಿಂದ ಬರಲಿ ಎಂದು ಎರಡು ದಿನ ಕಾದು, ಹೋದೆವು.

ಮಠದ ಕಾರ್ಯಕ್ರಮಗಳಲ್ಲಿ ಸಮಾನತೆಯ ಮೇಲೆ ನಾನು ಎಷ್ಟು ಭಾಷಣ ಮಾಡಿದ್ದೇನೋ ಲೆಕ್ಕವಿಲ್ಲ. ಆ ಓಣಿಗೆ ಕಾಲಿಟ್ಟದ್ದು ಅದೇ ಮೊದಲು. ಪರಪ್ಪ ಹೊರಗೆ ಬಂದು, "ಬರ್ರಿ ಸಾವ್ಕಾರ್ರ" ಎಂದ, ಆದರೆ ನಗಲಿಲ್ಲ. ಅವ್ವ ಒಳಗೆ ಹೋಗಿ, ಬುದ್ಧನ ಪಟದ ಕೆಳಗೆ ಹಾಸಿದ್ದ ಕೌದಿಯ ಮೇಲೆ ಕುಳಿತು, ಕೊಟ್ಟ ಚಹ ಪೂರ್ತಿ ಕುಡಿದಳು. ಪ್ರಜ್ಞಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವ್ವ ಅವಳ ಕೈಗೆ ಬನ್ನಿ ಎಲೆ ಇಟ್ಟು, "ಯವ್ವಾ, ಕುಂಕುಮ ನಾ ಹಚ್ಚಿದ್ನಿ, ವಿಭೂತಿ ಇಂವ ಹಚ್ಚಿದ್ದ" ಎಂದು ಒಂದೇ ಉಸಿರಿಗೆ ಹೇಳಿದಳು.

"ಗೊತ್ತೈತ್ರಿ ಆಯಿ" ಎಂದಳು ಪ್ರಜ್ಞಾ. "ಅವತ್ತ ಗೊತ್ತಾಗಿತ್ತು."

ನಾನು ಎದ್ದು ನಿಂತೆ. "ತಪ್ಪಾತವಾ. ಹೊಟ್ಟಿಗೆ ಹಾಕ್ಕೋ" ಎಂದೆ. ಅವಳು ಬನ್ನಿ ಎಲೆಯನ್ನು ಬೆರಳಲ್ಲಿ ತಿರುಗಿಸುತ್ತ ನಿಂತಳು.

"ಇಲ್ಲಿ ನಮ್ಮ ಮನ್ಯಾಗ ಹೇಳಿದ್ರ ಏನ ಬಂತ್ರಿ ಸರ್ರ? ನಮ್ಮಪ್ಪಗ ಗೊತ್ತೈತಿ, ನಾ ಸುಳ್ಳ ಬರಿಯೂದಿಲ್ಲಂತ. ಬಸವಲಿಂಗ ಸರ್ ರಿಜಿಸ್ಟರಿನ ಆ ಪಾನ ಬಡದು ಕೇಳಿದ್ರಲ್ರಿ? ಅದ ಪಾನಿನ್ಯಾಗ ಬರೀರಿ. ನಾ ನಾಳೆ ಬಂದು ನೋಡತೇನಿ."

ಮರುದಿನ ಬೆಳಿಗ್ಗೆ ಬಂದಳು. ಕುಳಿತುಕೊ ಎಂದರೂ ಕುಳಿತುಕೊಳ್ಳಲಿಲ್ಲ. ರಿಜಿಸ್ಟರು ಇಳಿಸಿ ಧೂಳು ಝಾಡಿಸಿದೆ. ಅರಳೆ ಕಡ್ಡಿ ಹಾಗೇ ಇತ್ತು. ಅವಳ ಸಾಲಿನ ಕೆಳಗೆ ಪೆನ್ನು ಹಿಡಿದು ಬರೆದೆ: 'ದಸರಾ ಪೂಜೆಯ ಸಮಯದಲ್ಲಿ ಆಕಸ್ಮಿಕವಾಗಿ ಬೂದಿ ತಗುಲಿದ್ದು ಕಂಡುಬಂದಿದೆ.' ಬರೆದು ಅವಳ ಕಡೆ ತಿರುಗಿಸಿದೆ. ಎಷ್ಟು ವರ್ಷದ ಅಭ್ಯಾಸ ನೋಡಿ, ಎಂಥ ಸಾಲು ಬಂತು ಕೈಯಿಂದ!

ಅವಳು ಓದಿದಳು. "ಯಾರ ಮುಟ್ಟಿದ್ರು ಅಂತ ಇಲ್ಲಲ್ರಿ ಇದರಾಗ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಕಡಿಮೆ ಅಂಕ ಬಿದ್ದ ಹುಡುಗನಿಗೆ ಮೇಷ್ಟ್ರು ಹೇಳುವಂತಿತ್ತು.

ಆ ಪುಟವನ್ನೇ ಹರಿದು ಎಸೆಯಬೇಕೆನಿಸಿತು. ಬಿಳಿ ಬಣ್ಣ ಹಚ್ಚಿ ಮುಚ್ಚಬೇಕೆನಿಸಿತು. ಅವಳು ನನ್ನ ಕೈಯನ್ನೇ ನೋಡುತ್ತಿದ್ದಳು. ಒಂದೇ ಒಂದು ಗೆರೆ ಎಳೆದೆ. ಕೆಳಗೆ ಬರೆದೆ: 'ಮುಟ್ಟಬೇಡಿ ಎಂದು ಪ್ರಜ್ಞಾ ಎರಡು ಸಲ ಹೇಳಿದ್ದಳು. ಮುಟ್ಟಿ ಕೆಡಿಸಿದವನು ನಾನು. ಕೇಳಿದಾಗ ಇಲ್ಲ ಎಂದೆ. ಅವಳು ಬರೆದ ಅಂಕಿಗಳೆಲ್ಲ ಖರೆ.' ಸಹಿ ಮಾಡಿ, ತಾರೀಖು ಹಾಕಿ, ಅವಳ ಎದುರಿಗೇ ಪುಟದ ಫೋಟೋ ತೆಗೆದು ಬಸವಲಿಂಗನಿಗೆ ಕಳಿಸಿದೆ.

ಹತ್ತು ನಿಮಿಷದಲ್ಲಿ ಅವನ ಫೋನು ಬಂತು. ಅವಳಿಗೂ ಕೇಳಲಿ ಎಂದು ದನಿ ದೊಡ್ಡದು ಮಾಡಿ ಮೇಜಿನ ಮೇಲಿಟ್ಟೆ.

"ಸರ್ರ, ಒಂದ ವರ್ಷ ಸುಮ್ನ ಕುಂತ್ರ್ಯಾ?" ಎಂದ. ಆಮೇಲೆ, "ಆ ಜಾಗಾ ಜೂನಿನ್ಯಾಗ ತುಂಬೇತ್ರಿ. ಮುಂದ ಖಾಲಿ ಆದ್ರ ನಾನ ಆ ತಂಗಿಗೆ ಫೋನ್ ಮಾಡತೇನಿ. ನಿಮ್ಮ ಕಡೆಯಿಂದ ಬ್ಯಾಡ" ಎಂದು ಇಟ್ಟುಬಿಟ್ಟ.

ಪ್ರಜ್ಞಾ ರಿಜಿಸ್ಟರು ಮುಚ್ಚಿ ಮೇಜಿನ ನಡುವೆ ಇಟ್ಟಳು. ಇಲ್ಲಿಗೇ ಬಾರವಾ, ನಿನ್ನ ಕುರ್ಚಿ ಹಾಗೇ ಇದೆ ಎಂದು ಹೇಳಬೇಕೆಂದು ಬಾಯಿ ತೆರೆದೆ. ಅವಳು ಅಷ್ಟರಲ್ಲಿ ತಲೆಗೆ ಓಢಣಿ ಸುತ್ತಿಕೊಳ್ಳುತ್ತಿದ್ದಳು. "ಕಿತ್ತೂರ ಬಸ್ಸಿನ ಹೊತ್ತಾತ್ರಿ ಸರ್ರ" ಎಂದು ಹೊರಟಳು. ಬಾಗಿಲಲ್ಲಿ ತನ್ನದೇ ಕೈಬರಹದ ಚೀಟಿಯ ಒಂದು ಮೂಲೆ ಕಿತ್ತು ಬಂದಿತ್ತು, ಅದನ್ನು ಹೆಬ್ಬೆರಳಿನಿಂದ ಒತ್ತಿ ಅಂಟಿಸಿ ಹೋದಳು.

ಆ ಜಾಗ ಇನ್ನೂ ಖಾಲಿಯಾಗಿಲ್ಲ. ಅವಳು ಇನ್ನೂ ಕಿತ್ತೂರಿನಲ್ಲೇ ಇದ್ದಾಳೆ. ರಿಜಿಸ್ಟರು ಈಗ ನನ್ನ ಮೇಜಿನ ಮೇಲೇ ಇರುತ್ತದೆ, ಬೋರ್ಡು ನೋಡಲು ಬಂದವರೆಲ್ಲ ಅದನ್ನು ತಿರುವುತ್ತಾರೆ. ಆ ಪುಟಕ್ಕೆ ಬಂದಾಗ ಅವರ ಕೈ ನಿಲ್ಲುತ್ತದೆ. ಮೊದಲು ಗೆರೆ ಎಳೆದ ಸಾಲನ್ನೇ ಓದುತ್ತಾರೆ, ಆಮೇಲೆ ಕೆಳಗಿನದನ್ನು, ಆಮೇಲೆ ನನ್ನ ಮುಖವನ್ನು. ಗೆರೆಯ ಹಿಂದಿನ ಒಂದೊಂದು ಅಕ್ಷರವೂ ಸ್ಪಷ್ಟವಾಗಿ ಕಾಣುತ್ತದೆ. ಹಾಗೆ ಕಾಣಬೇಕೆಂದು ಕಲಿಸಿದವನು ನಾನೇ.